ಒಂದು ಗಾಂಧಾರದ ಬಾಕಿ

ಹಾರಂಗಿಯ ನಮ್ಮ ಮನೆಯಲ್ಲಿ ನಾನು ಕೆಲವು ವರ್ಷ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದೆ. ಪಿಯಾನೋ ಎಂದರೆ ಕೀಬೋರ್ಡೇ. ಕೊಡಗಿನ ಮಳೆಗಾಲದಲ್ಲಿ ಮರದ ಪಿಯಾನೋ ಬಾಳಿಸುವುದು ಸುಲಭವಲ್ಲ. ಒಂದು ಸಂಜೆ ಹುಡುಗಿಯೊಬ್ಬಳು ಶೋಪೆನ್‌ನ ಸಿ ಮೈನರ್ ಪ್ರಿಲ್ಯೂಡ್ ನುಡಿಸುತ್ತ, ಮೂರನೆಯ ಬಾರ್‌ನ ಕೊನೆಯಲ್ಲಿ ಬಿಳಿ ಕೀಯ ಬದಲು ಕಪ್ಪು ಕೀ ಒತ್ತಿದಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಂತರ ಗಾಂಧಾರ ಬರಬೇಕಾದಲ್ಲಿ ಸಾಧಾರಣ ಗಾಂಧಾರ.

"ತಪ್ಪು" ಎಂದೆ.

"ರೆಕಾರ್ಡಿಂಗ್‌ನಲ್ಲಿ ಹೀಗೇ ಇತ್ತು ಮಿಸ್."

"ಪುಸ್ತಕ ನೋಡು."

ಉಳಿದ ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿ ಬಿಳಿ ಕೀ ಒತ್ತಿದಳು. ನನಗೆ ಆ ಸ್ವರವನ್ನು ಕಲಿಸಿದವರೂ ಪುಸ್ತಕ ನೋಡಿಯೇ ಕಲಿಸಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಗಿದೆ.

ಈಚೆಗೆ ಶೋಪೆನ್ ಕೃತಿಗಳ ಮೊದಲ ಮುದ್ರಣಗಳನ್ನು ಅಂತರ್ಜಾಲದಲ್ಲಿ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು. ಒಂದು ದೇಶದ ಹಕ್ಕು ಇನ್ನೊಂದು ದೇಶದಲ್ಲಿ ನಡೆಯದಿದ್ದ ಕಾಲ ಅದು. ಹಾಗಾಗಿ ಅವನ ಕೃತಿಗಳು ಪ್ಯಾರಿಸ್, ಲೈಪ್‌ಜಿಗ್, ಲಂಡನ್ ಮೂರು ಕಡೆಯೂ ಬೇರೆಬೇರೆ ಪ್ರಕಾಶಕರಿಂದ ಅಚ್ಚಾಗುತ್ತಿದ್ದವು. 1839ರಲ್ಲಿ ಬಂದ ಇಪ್ಪತ್ನಾಲ್ಕು ಪ್ರಿಲ್ಯೂಡ್‌ಗಳ ಅರ್ಪಣೆಯೇ ಒಂದಲ್ಲ: ಪ್ಯಾರಿಸ್ ಪ್ರತಿಯಲ್ಲಿ ಪಿಯಾನೋ ತಯಾರಕ ಪ್ಲೆಯೆಲ್ ಹೆಸರು, ಲೈಪ್‌ಜಿಗ್ ಪ್ರತಿಯಲ್ಲಿ ಕೆಸ್ಲರ್ ಹೆಸರು. ಪ್ಯಾರಿಸ್‌ನವರು ಶೋಪೆನ್‌ನ ಕೈಬರಹ ನೋಡಿ ಅಚ್ಚು ಹಾಕಿದರೆ, ಲೈಪ್‌ಜಿಗ್‌ಗೆ ಹೋದದ್ದು ಗೆಳೆಯ ಫೊಂಟಾನಾ ಮಾಡಿಕೊಟ್ಟ ನಕಲು.

ನನ್ನ ಕಣ್ಣು ಹುಡುಕಿದ್ದು ಆ ಮೂರನೆಯ ಬಾರನ್ನು. ಗಾಂಧಾರವನ್ನು ಇಳಿಸುವ ಗುರುತು ಅಚ್ಚಿನಲ್ಲಿ ಇಲ್ಲ. ಅದೇ ಬಾರ್‌ನಲ್ಲಿ ಮೊದಲೊಮ್ಮೆ ಏರಿದ ಸ್ವರ ನಿಯಮದ ಪ್ರಕಾರ ಕೊನೆಯವರೆಗೂ ಏರಿಯೇ ಇರಬೇಕು. ನಾನು ಗೆದ್ದೆ ಎನ್ನುವಷ್ಟರಲ್ಲಿ ಇನ್ನೊಂದು ಸಂಗತಿ ಓದಿದೆ: ಶಿಷ್ಯೆಯೊಬ್ಬಳ ಮುದ್ರಿತ ಪ್ರತಿಯಲ್ಲಿ ಅದೇ ಜಾಗದಲ್ಲಿ ಪೆನ್ಸಿಲ್‌ನಿಂದ ಇಳಿಕೆಯ ಗುರುತು ಹಾಕಲಾಗಿದೆ. ಪಾಠದ ಹೊತ್ತಿನಲ್ಲಿ ಶೋಪೆನ್ ಶಿಷ್ಯರ ಪ್ರತಿಗಳಲ್ಲಿ ಹೀಗೆ ಬರೆಯುತ್ತಿದ್ದ. ಅಚ್ಚು ನನ್ನ ಕಡೆ, ಪೆನ್ಸಿಲ್ ಆ ಹುಡುಗಿಯ ಕಡೆ.

ಅದು ಬರೆಯುವಾಗ ಬಿಟ್ಟುಹೋದ ಗುರುತೋ, ಆಮೇಲೆ ಹೊಳೆದದ್ದೋ, ಆ ಒಬ್ಬ ಶಿಷ್ಯೆಗೆ ಮಾತ್ರ ಹೇಳಿದ್ದೋ? ಕರ್ತೃವಿನ ಇಚ್ಛೆಯೇ ಅಂತಿಮ ಎನ್ನೋಣವೆಂದರೆ ಅದೂ ಒಂಟಿಯಾಗಿ ನಿಲ್ಲುವುದಿಲ್ಲ. ಈ ಹದಿಮೂರು ಬಾರ್‌ಗಳ ಪುಟ್ಟ ಕೃತಿ ಮೊದಲು ಇನ್ನೂ ಪುಟ್ಟದಿತ್ತು. ಕೊನೆಯ ನಾಲ್ಕು ಬಾರ್‌ಗಳನ್ನು ಮತ್ತೊಮ್ಮೆ ಮೆಲ್ಲಗೆ ನುಡಿಸಬೇಕೆಂಬುದು ಆಮೇಲೆ ಸೇರಿದ್ದು. ಆಗಾಗ ಸರಿಯಾದದ್ದನ್ನೇ ಹೇಳುವ ಒಬ್ಬ ಮಹಾಶಯರಿಗಾಗಿ ಒಪ್ಪಿಕೊಂಡ ಸಣ್ಣ ರಿಯಾಯಿತಿ ಇದು ಎಂದು ಕೈಬರಹದಲ್ಲಿ ಅವನೇ ಟಿಪ್ಪಣಿ ಹಾಕಿದ್ದಾನೆ, ಹೆಸರನ್ನು ಮಾತ್ರ ಮುಚ್ಚಿಟ್ಟಿದ್ದಾನೆ. ನಾವು ಭಕ್ತಿಯಿಂದ ನುಡಿಸುವ ಆ ಮೆಲುದನಿಯ ನಾಲ್ಕು ಬಾರ್‌ಗಳಲ್ಲಿ ಯಾರೋ ಒಬ್ಬ ಅನಾಮಿಕನ ಮಾತಿದೆ.

ಇದು ನಮಗೆ ಹೊಸದೇನಲ್ಲ. ಕೊಡವರ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಹಾಕಿಸಿದ್ದು 1924ರಲ್ಲಿ. ಆ ಪುಸ್ತಕ ಇಲ್ಲದಿದ್ದರೆ ಎಷ್ಟೋ ಹಾಡು ಕಳೆದುಹೋಗುತ್ತಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡಿ ಹಿಡಿದು ಕೂತ ಹಿರಿಯರೊಬ್ಬರು ಒಂದು ಸಾಲನ್ನು ಬೇರೆ ರೀತಿ ಹಾಡಿದರೆ, ಪುಸ್ತಕ ಹಿಡಿದ ಹುಡುಗ ಅವರನ್ನು ತಿದ್ದಬಹುದೇ? ಪುಸ್ತಕಕ್ಕೆ ಹಾಡು ಬಂದದ್ದು ಅಂಥ ಹಿರಿಯರ ಬಾಯಿಂದಲೇ. ಹಾಗಂತ ಹಿರಿಯರಿಗೆ ಮರೆವೇ ಇಲ್ಲವೆಂದೂ ಅಲ್ಲ.

ಸಂಪಾದಕರಿಗೆ ಒಂದು ಅನುಕೂಲವಿದೆ: ಒಂದು ಪಾಠವನ್ನು ಮೇಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಗೆ ಇಳಿಸಬಹುದು. ಬೆರಳಿಗೆ ಅಡಿಟಿಪ್ಪಣಿ ಇಲ್ಲ. ಎರಡು ಗಾಂಧಾರವನ್ನೂ ಒಟ್ಟಿಗೆ ಒತ್ತಿದರೆ ಕರ್ಕಶ. ನುಡಿಸುವವರು ಒಂದನ್ನು ಆರಿಸಲೇಬೇಕು, ಆಯ್ಕೆಯ ಹೊಣೆಯನ್ನೂ ಹೊರಬೇಕು. ನಾನು ಆ ದಿನ ಹೊರದೇ ಹೋದದ್ದು ಆ ಹೊಣೆಯನ್ನೇ. ಬಿಳಿ ಕೀ ಕಲಿಸಿದ್ದು ದೊಡ್ಡ ವಿಷಯವಲ್ಲ. ಇವತ್ತಿಗೂ ನನ್ನ ಕಿವಿಗೆ ಅದೇ ಹಿತ, ಕತ್ತಲ ನಡುವೆ ಬಾಗಿಲು ಸ್ವಲ್ಪ ತೆರೆದ ಹಾಗೆ. ಆದರೆ "ನನಗೆ ಇದು ಇಷ್ಟ" ಎನ್ನುವ ಬದಲು "ಪುಸ್ತಕ ನೋಡು" ಎಂದೆ. ಪುಸ್ತಕವನ್ನು ನಾನೇ ಸರಿಯಾಗಿ ನೋಡಿರಲಿಲ್ಲ. ಅದರ ಹಿಂದೆ ಇನ್ನೊಂದು ಪುಸ್ತಕ, ಅದರ ಹಿಂದೆ ಒಂದು ಕೈ ಇದೆಯೆಂದು ಯೋಚಿಸಿರಲೂ ಇಲ್ಲ. ಅವಳು ಕೇಳಿದ್ದು ನಿಜವಾದ ಪ್ರಶ್ನೆ. ನಾನು ಅದನ್ನು ಅಶಿಸ್ತು ಎಂದುಕೊಂಡೆ.

ಅವಳೀಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವಾರ ಫೋನ್ ಮಾಡಿ ಪೆನ್ಸಿಲ್ ಗುರುತಿನ ಕಥೆಯನ್ನೆಲ್ಲ ಹೇಳಿ, ಅಂದು ನಾನು ನಡೆದುಕೊಂಡ ರೀತಿ ಸರಿಯಿರಲಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕು, "ಕಪ್ಪು ಕೀ ಒತ್ತಬೇಕು ಅಂತ ಈಗಲೂ ಅನಿಸುತ್ತೆ ಮಿಸ್, ಆದರೆ ಬೆರಳು ತಾನಾಗೇ ಬಿಳಿ ಕೀಗೆ ಹೋಗಿಬಿಡುತ್ತೆ" ಎಂದಳು.