ತಾಳಕ್ಕೆ ಮುಂಚಿನ ಕಿಡಿ

ಮೈಸೂರಿನ ವಿಜಯನಗರದಲ್ಲಿ, ನೀರಿನ ಟ್ಯಾಂಕಿಗೆ ಹತ್ತಿರದ ನಮ್ಮ ಬೀದಿ ಭಾನುವಾರ ಏಳುವುದು ನಿಧಾನ. ಆ ಮೌನದಲ್ಲಿ ನಮ್ಮ ಫಿಯಟ್ಟು ಕೆಮ್ಮಿದರೆ ನಾಲ್ಕು ಮನೆಗೆ ಕೇಳುತ್ತದೆ. 1978ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಅಪ್ಪನದು. ಕಾಗದಪತ್ರದಲ್ಲಿ ನನ್ನ ಹೆಸರು ಬಂದು ವರ್ಷಗಳಾದರೂ ಬೀದಿಯವರಿಗೆ ಅದು ಇನ್ನೂ ‘ಮೇಷ್ಟ್ರ ಕಾರು’. ಕೆಲವು ವಾರಗಳಿಂದ ಅದಕ್ಕೆ ಎಳೆತ ಕಮ್ಮಿಯಾಗಿತ್ತು, ಬೇಗ ಬಿಸಿಯಾಗುತ್ತಿತ್ತು, ಪೆಟ್ರೋಲು ಮಾತ್ರ ಚೆನ್ನಾಗಿ ಕುಡಿಯುತ್ತಿತ್ತು.

ಹಿಂಕಲಿನ ಕಡೆಯಿಂದ ಬರುವ ಮೇಸ್ತ್ರಿ ಬಾನೆಟ್ಟು ಎತ್ತುವ ಮೊದಲೇ ಹೇಳಿಬಿಟ್ಟರು: “ಗಾಡಿಗೇನೂ ಆಗಿಲ್ಲ ಸ್ವಾಮಿ. ಟೈಮಿಂಗು ಹಿಂದಕ್ಕೆ ಬಿದ್ದೈತೆ.” ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಊರಿಗೆ ಬೈಕುಗಳ ಜೊತೆಗೆ ಇಂಥ ಕೆಲವು ಕಿವಿಗಳನ್ನೂ ಬಿಟ್ಟುಹೋಯಿತು.

ಡಿಸ್ಟ್ರಿಬ್ಯೂಟರಿನ ಐದು ಬಾಲದ ಕಪ್ಪು ಟೋಪಿಯನ್ನು ತೆಗೆದು ಪಕ್ಕಕ್ಕಿಟ್ಟರು. ಒಳಗೆ ಬೇಳೆಕಾಳಿನಷ್ಟು ದೊಡ್ಡ ಎರಡು ಲೋಹದ ಗುಂಡಿಗಳು, ಅವರ ಮಾತಿನಲ್ಲಿ ‘ಪಾಯಿಂಟು’. ಒಂದನ್ನೊಂದು ಮುಟ್ಟುವುದು, ಬಿಡುವುದು, ಅಷ್ಟೇ ಅವುಗಳ ಕೆಲಸ. ತಿರುಗುವ ಕ್ಯಾಮಿಗೆ ಉಜ್ಜಿಕೊಳ್ಳುವ ಪಾಯಿಂಟಿನ ಹಿಮ್ಮಡಿ ದಿನದಿನಕ್ಕೂ ಸವೆಯುತ್ತದೆ. ಸವೆದಷ್ಟೂ ಅವು ತೆರೆದುಕೊಳ್ಳುವುದು ತಡ. ಪಾಯಿಂಟು ತಡವಾದರೆ ಕಿಡಿಯೂ ತಡ.

ಕಿಡಿ ಏಳುವುದು ಗುಂಡಿಗಳು ಮುಟ್ಟಿದಾಗ ಎಂದೇ ನಾನು ಬಹಳ ಕಾಲ ನಂಬಿದ್ದೆ. ಸ್ವಿಚ್ಚು ಒತ್ತಿದರೆ ದೀಪ ಹತ್ತುವುದನ್ನು ನೋಡಿ ಬೆಳೆದವರಿಗೆ ಬೇರೆ ಹೇಗೆ ತೋಚೀತು? ಇಲ್ಲಿ ಅದು ತಲೆಕೆಳಗು. ಮುಟ್ಟಿಕೊಂಡಿರುವಷ್ಟು ಹೊತ್ತೂ 12 ವೋಲ್ಟಿನ ಬ್ಯಾಟರಿಯ ಕರೆಂಟು ಕಾಯಿಲಿನಲ್ಲಿ ಹರಿದು ಸುತ್ತಲೂ ಕಾಂತಕ್ಷೇತ್ರವನ್ನು ಕಟ್ಟುತ್ತಿರುತ್ತದೆ. ಗುಂಡಿಗಳು ಬಿಟ್ಟುಕೊಂಡವೋ, ಕಟ್ಟಿದ್ದೆಲ್ಲ ಕುಸಿಯುತ್ತದೆ. ಆ ಕುಸಿತವೇ ಪಕ್ಕದ ಸಾವಿರಾರು ಸುತ್ತಿನ ಸಣ್ಣ ತಂತಿಯಲ್ಲಿ ಹತ್ತಾರು ಸಾವಿರ ವೋಲ್ಟಾಗಿ ಎದ್ದು ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದು ಇದರ ಬೇರು. ಅದನ್ನು 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಕಟ್ಟಿಕೊಟ್ಟ. ನಮ್ಮ ಬೀದಿಯ ಹೊಂಗೆಮರದ ಕೆಳಗೆ ಎಮರಿ ಕಾಗದದಿಂದ ಉಜ್ಜಿಸಿಕೊಳ್ಳುತ್ತಿದ್ದುದು ಅವರಿಬ್ಬರ ಯೋಚನೆಯೇ.

ಮೊದಲನೇ ಪ್ಲಗ್ಗು ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ ನಿಲ್ಲಲು ಮೇಸ್ತ್ರಿ ನನ್ನ ಮಗಳಿಗೆ ಹೇಳಿದರು. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನಿಂದ ಅಂಗುಲಂಗುಲವಾಗಿ ತಳ್ಳುವುದು ನನ್ನ ಪಾಲಿಗೆ ಬಂತು; ಹಾಗೆ ತಳ್ಳಿದರೆ ಇಂಜಿನ್ನು ಒಳಗೆ ಮೆಲ್ಲಗೆ ತಿರುಗುತ್ತದೆ. “ಬೆರಳನ್ನ ತಳ್ತಾ ಇದೆ!” ಎಂದಳು ಮಗಳು. ಪಿಸ್ಟನ್ನು ಮೇಲೇರುತ್ತಿದೆ ಎಂದರ್ಥ. ಮೇಸ್ತ್ರಿ ಪಾಯಿಂಟಿಗೊಂದು ಸಣ್ಣ ಬಲ್ಬು ಸಿಕ್ಕಿಸಿದ್ದರು. ಗುಂಡಿಗಳು ಬಿಟ್ಟುಕೊಂಡ ಕ್ಷಣ ಅದು ಹತ್ತಬೇಕು. ಹತ್ತಿತು. ಆದರೆ ಅಷ್ಟರಲ್ಲಿ ಪುಲ್ಲಿಯ ಗುರುತು ಹೋಗಬೇಕಾದ ಜಾಗ ದಾಟಿತ್ತು.

“ಪಿಸ್ಟನ್ನು ಪೂರ್ತಿ ಮೇಲೆ ಬಂದಾಗ ತಾನೇ ಕಿಡಿ ಬರಬೇಕು?” ಎಂದು ಕೇಳಿದಳು.

“ಆಗ ಬಂದ್ರೆ ಏನೂ ಉಪಯೋಗ ಇಲ್ಲ ಕಣಮ್ಮ. ಮೊದಲೇ ಬಂದಿರಬೇಕು.”

ಬೆಂಕಿಗೆ ಹರಡಲು ಹೊತ್ತು ಬೇಕು. ಕಿಡಿ ಹಾರಿದೊಡನೆ ಒಳಗಿನದೆಲ್ಲ ಸಿಡಿದುಬಿಡುವುದಿಲ್ಲ. ಉರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದು ಹೋಗಬೇಕು. ಅದರ ಪೂರಾ ಒತ್ತಡ ಸಿಗಬೇಕಾದ್ದು ಪಿಸ್ಟನ್ನು ತುದಿ ಮುಟ್ಟಿ ಕೆಳಗಿಳಿಯತೊಡಗಿದ ಮೇಲೆ. ಜೋಕಾಲಿ ತೂಗುವವರಿಗೆ ಇದು ಗೊತ್ತು, ಹಿಂದಕ್ಕೆ ಬಂದು ನಿಂತು ಮುಂದಕ್ಕೆ ಹೊರಟ ಗಳಿಗೆಯಲ್ಲಿ ತಳ್ಳಬೇಕು. ಇನ್ನೂ ಬರುತ್ತಿರುವಾಗಲೇ ಕೈಯೊಡ್ಡಿದರೆ ಮಣಿಕಟ್ಟು ನೋಯುತ್ತದೆ. ಟೈಮಿಂಗು ಅತಿಯಾಗಿ ಮುಂದಿಟ್ಟ ಜಾವಾ ಬೈಕಿನ ಕಿಕ್ಕರು ತಿರುಗಿ ಒದ್ದದ್ದನ್ನು ಮೊಣಕಾಲಿನ ಮೇಲೆ ಹೊತ್ತು ತಿರುಗುವವರು ಈ ಊರಿನಲ್ಲಿ ಎಷ್ಟೋ ಮಂದಿ. ಮೇಸ್ತ್ರಿ ಪ್ಯಾಂಟು ಮೇಲೆತ್ತಿ ತಮ್ಮದನ್ನೂ ತೋರಿಸಿದರು.

ಮಗಳು ಸಂಗೀತದ ಪಾಠಕ್ಕೆ ಹೋಗುವವಳು. “ಇದು ಅತೀತ ಎಡುಪು, ಅಪ್ಪ” ಎಂದಳು. ತಾಳದ ಮೊದಲ ಪೆಟ್ಟಿನ ಜೊತೆಗೇ ಹಾಡು ಎದ್ದರೆ ಸಮ, ಪೆಟ್ಟು ಬಿದ್ದ ಮೇಲೆ ಎದ್ದರೆ ಅನಾಗತ, ಪೆಟ್ಟಿಗೆ ಮುಂಚೆಯೇ ಎದ್ದುಬಿಟ್ಟರೆ ಅತೀತ. ಈ ಹೆಸರು ನನ್ನನ್ನು ಯಾವಾಗಲೂ ಕಾಡುತ್ತಿತ್ತು. ಮುಂಚೆ ಬರುವುದಕ್ಕೆ ‘ಕಳೆದುಹೋದದ್ದು’ ಎಂಬ ಹೆಸರೇಕೆ? ಗ್ರೀಸು ಮೆತ್ತಿದ ಕೈಯಲ್ಲಿ ಆವತ್ತು ಹೊಳೆಯಿತು. ಆ ಹೆಸರನ್ನು ಇಟ್ಟವರು ತಾಳದ ಕಡೆ ನಿಂತು ನೋಡಿದವರು. ಪೆಟ್ಟು ಬೀಳುವಾಗ ಹಾಡಿನ ಮೊದಲಕ್ಷರ ಆಗಲೇ ಹಿಂದಾಗಿರುತ್ತದೆ. ಪಿಸ್ಟನ್ನು ಮೇಲೆ ಬಂದು ನಿಂತಾಗ ಕಿಡಿಯೂ ಹಾಗೆಯೇ, ಹೋಗಿಯಾಗಿರುತ್ತದೆ.

ಎಷ್ಟು ಮುಂಚೆ? ನಿಮಿಷಕ್ಕೆ 3000 ಸುತ್ತಿನ ಓಟದಲ್ಲಿ ಈ ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಸೆಕೆಂಡಿಗೆ 100 ಕಿಡಿ. ಒಮ್ಮೆ ಎವೆಯಿಕ್ಕುವಷ್ಟರಲ್ಲಿ ಇಪ್ಪತ್ತು. ಹತ್ತು ಡಿಗ್ರಿ ಮುಂಚೆ ಎಂದರೆ ಆ ವೇಗದಲ್ಲಿ ಸೆಕೆಂಡಿನ 1800ರಲ್ಲಿ ಒಂದು ಪಾಲು. ಅಷ್ಟನ್ನು ಮೇಸ್ತ್ರಿ ಸರಿಪಡಿಸಿದ್ದು ಒಂದು ನಟ್ಟು ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದಂತೆ ಹಿಡಿದು, ಎಳ್ಳುಕಾಳಿನಷ್ಟು ತಿರುಗಿಸಿ. ವೇಗ ಏರಿದಂತೆ ಕಿಡಿ ಇನ್ನಷ್ಟು ಮುಂದೆ ಹೋಗಬೇಕು. ಅದಕ್ಕೆ ಒಳಗೇ ಸ್ಪ್ರಿಂಗು ಕಟ್ಟಿದ ಎರಡು ತೂಕದ ತುಂಡುಗಳಿವೆ. ದಸರಾ ವಸ್ತುಪ್ರದರ್ಶನದ ಸರಪಳಿ ಕುರ್ಚಿಗಳು ತಿರುಗುತ್ತ ಹೊರಕ್ಕೆ ಚಾಚಿಕೊಳ್ಳುತ್ತವಲ್ಲ, ಇವೂ ಅಷ್ಟೇ.

ನಾನೊಂದು ಟೈಮಿಂಗ್ ಲೈಟು ಕೊಂಡುತಂದಿದ್ದೆ. ಮೇಸ್ತ್ರಿಗೆ ಅದರ ಮೇಲೆ ಅಷ್ಟೇನೂ ಗೌರವವಿಲ್ಲ. ಆದರೂ ಸ್ಟಾರ್ಟ್ ಮಾಡಿ, ಮೊದಲನೇ ಪ್ಲಗ್ಗಿನ ವೈರಿಗೆ ಅದನ್ನು ಸಿಕ್ಕಿಸಿ ಹಿಡಿದೆ. ಪ್ರತಿ ಕಿಡಿಗೂ ಒಂದು ಮಿಂಚು. ಗಿರ್ರೆಂದು ಸುತ್ತುತ್ತಿದ್ದ ಪುಲ್ಲಿಯ ಮೇಲೆ ನಾವು ಬಳಿದ ಸುಣ್ಣದ ಗೆರೆ ಕದಲದೆ ನಿಂತುಬಿಟ್ಟಿತು. ಇಂಜಿನ್ನು ನಡುಗುತ್ತಿದೆ, ಬೆಲ್ಟು ಓಡುತ್ತಿದೆ, ಗೆರೆ ಮಾತ್ರ ಗೋಡೆಯ ಮೇಲೆ ಬರೆದಂತೆ ಇದೆ. ಪ್ರತಿ ಸಲವೂ ಅದೇ ಜಾಗಕ್ಕೆ ಬಂದಾಗಲೇ ಬೆಳಕು ಬೀಳುವುದರಿಂದ ಹಾಗೆ ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ರೋಮಾಂಚನವಾಯಿತು. ಫ್ಯಾನಿನ ರೆಕ್ಕೆಗಳೂ ಆ ಬೆಳಕಿನಲ್ಲಿ ಸೋಮಾರಿಯಾಗಿ ತೇಲುತ್ತಿದ್ದವು. ಮಗಳು ಬೆರಳು ಮುಂದೆ ಮಾಡಿದಳು. ಮೇಸ್ತ್ರಿ ಥಟ್ಟನೆ ಅವಳ ಕೈ ಹಿಡಿದೆಳೆದರು.

“ನಿಂತಿಲ್ಲಮ್ಮ ಅದು. ಬೆರಳು ಹಾರೋಗತ್ತೆ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗೆರೆ ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ಬಂದಿತ್ತು. ಅವರಿಗೆ ಸಮಾಧಾನವಿಲ್ಲ. “ಪುಸ್ತಕ ಬರೆದಾಗ ಇದ್ದ ಪೆಟ್ರೋಲು ಈಗೆಲ್ಲೈತೆ?” ಮಾತು ನಿಜ. ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ 2000ದಲ್ಲೇ ನಿಂತುಹೋಯಿತು, ಈಗಿನದರಲ್ಲಿ ಶೇಕಡಾ 20 ಎಥನಾಲ್. ಸಾಲದ್ದಕ್ಕೆ ಮುಂಬಯಿಯ ಕುರ್ಲಾದಲ್ಲಿ, ಸಮುದ್ರದ ಮಗ್ಗುಲಲ್ಲಿ ತಯಾರಾದ ಕಾರು ಸುಮಾರು 770 ಮೀಟರ್ ಎತ್ತರದ ನಮ್ಮೂರಿನ ತೆಳುಗಾಳಿಯನ್ನು ಉಸಿರಾಡಬೇಕು. ಗಾಳಿ ತೆಳುವಾದಷ್ಟೂ ಉರಿ ಹರಡುವುದು ನಿಧಾನ, ಕಿಡಿಗೆ ಇನ್ನೂ ತುಸು ಆತುರ ಬೇಕು. ಅವರು ಲೈಟು ಆರಿಸಲು ಹೇಳಿ, ಕಣ್ಣು ಮುಚ್ಚಿ, ಮತ್ತೊಂದೆಳ್ಳು ತಿರುಗಿಸಿದರು. ಇಂಜಿನ್ನಿನ ದನಿ ನಿರಿಗೆ ಬಿಡಿಸಿದಂತೆ ಹಗುರಾಯಿತು.

ಪರೀಕ್ಷೆಗೆ ಚಾಮುಂಡಿ ಬೆಟ್ಟ. ಏರಿನಲ್ಲಿ ಬೇಕೆಂದೇ ಗೇರು ಇಳಿಸದೆ ಆಕ್ಸಿಲರೇಟರು ಒತ್ತಿಸಿದರು. ಕಿಟಕಿ ಇಳಿಸಿ ಕೇಳಿದರೆ, ತಗಡಿನ ಡಬ್ಬಿಯಲ್ಲಿ ಸಾಸಿವೆ ಅಲ್ಲಾಡಿಸಿದಂಥ ಕಿಣಿಕಿಣಿ.

“ನಾಕಿಂಗು. ನಿಲ್ಸಿ ಸ್ವಾಮಿ.”

ರಸ್ತೆಯ ಬದಿಯಲ್ಲಿ ಬಾನೆಟ್ಟು ಎತ್ತಿ ಅರ್ಧ ಎಳ್ಳಿನಷ್ಟು ಹಿಂದಕ್ಕೆ ತಂದರು. ಮತ್ತೆ ಹೊರಟೆವು. ಅದೇ ಏರು, ಅದೇ ಗೇರು, ಸಾಸಿವೆ ಸದ್ದಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ತೊಡೆಯ ಮೇಲೆ ತಾಳ ಹಾಕಿಕೊಂಡು ಏನನ್ನೋ ಗುನುಗುತ್ತಿದ್ದಳು. ಎಡುಪು ತಪ್ಪಿದಾಗಲೆಲ್ಲ ಮೊದಲಿಂದ ಶುರು ಮಾಡುತ್ತಿದ್ದಳು.

ನಂದಿಯ ಬಳಿ ಇಳಿದು ಎಳನೀರು ಕುಡಿದೆವು. ಇನ್ನು ಎಷ್ಟು ದಿನ ಹೀಗೆಯೇ ಇದ್ದೀತು ಎಂದು ಕೇಳಿದೆ. ಮೇಸ್ತ್ರಿ ಬುರುಡೆಯನ್ನು ಬುಟ್ಟಿಗೆ ಎಸೆದು, ಬಾಯಿ ಒರೆಸಿಕೊಂಡರು.

“ಮನೆಯಿಂದ ಇಲ್ಲಿಗೆ ಬರೋವಷ್ಟರಲ್ಲೇ ಸವೆಯೋಕೆ ಶುರುವಾಗೈತೆ. ಆರು ತಿಂಗಳು ಬಿಟ್ಟು ಹೇಳಿ ಕಳಿಸಿ.”