ಬಂಡೆಯ ಮೇಲಿನ ಮನೆ

2025ರ ಜುಲೈ 30ರ ಬೆಳಿಗ್ಗೆ ರಷ್ಯದ ಕಮ್ಚಾಟ್ಕಾ ತೀರದಾಚೆ ಸಮುದ್ರದಡಿ ಭೂಮಿ ನಡುಗಿದ ಸುದ್ದಿ ಟೀವಿಯಲ್ಲಿ ಬರುತ್ತಿತ್ತು. ತೀವ್ರತೆ 8.8. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಹಾಲು ತೆಗೆದುಕೊಳ್ಳಲು ಕೆಳಗೆ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು.

"ಅಂಕಲ್, ನಮ್ಮ ಕಡೆ ಹೀಗಾದ್ರೆ?"

"ಬೆಂಗಳೂರಿಗೆ ಏನೂ ಆಗಲ್ಲಮ್ಮ. ನಮ್ಮ ಕೆಳಗಿರೋದು ಲಾಲ್‌ಬಾಗಿನ ಬಂಡೆ, ಮುನ್ನೂರು ಕೋಟಿ ವರ್ಷದ್ದು" ಎಂದೆ. ಅವಳು ನಕ್ಕು ಮೆಟ್ಟಿಲು ಹತ್ತಿ ಹೋದಳು. ತ್ಯಾಗರಾಜನಗರದಲ್ಲಿ ಇಷ್ಟು ವರ್ಷ ಬಾಳಿದವನ ಮಾತಿಗೆ ಅಷ್ಟು ಬೆಲೆ ಇರಬೇಕಾದದ್ದೇ. ಆದರೆ ಆ ದಿನವೆಲ್ಲ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ: ನಾನು ಹೇಳಿದ್ದು ಸುಳ್ಳೇ?

ಬಂಡೆಯ ವಿಷಯ ಸುಳ್ಳಲ್ಲ. ಲಾಲ್‌ಬಾಗಿನ ಗುಡ್ಡಕ್ಕೆ ಅಷ್ಟು ವಯಸ್ಸಾಗಿದೆ. ಆದರೆ ನೆಲ ಹಳೆಯದು, ಗಟ್ಟಿ ಎಂಬ ನಂಬಿಕೆ ಕಿಲ್ಲಾರಿಯವರಿಗೂ ಇತ್ತು. ನಮ್ಮ ಬೀದರಿಗೆ ಅಂಟಿಕೊಂಡ ಲಾತೂರು ಜಿಲ್ಲೆಯ ಊರು ಅದು. ಅಂದಿನ ನಕಾಶೆಯಲ್ಲಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿದ್ದದ್ದು. 1993ರ ಸೆಪ್ಟೆಂಬರ್ 29ರಂದು ಗಣಪತಿಯನ್ನು ಬಿಟ್ಟು ಬಂದು ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷವಿದ್ದಾಗ ನೆಲ ನಡುಗಿತು. ನಡುಕ ಬೆಂಗಳೂರಿನವರೆಗೂ ಬಂತು. ತೀವ್ರತೆ 6.2ರ ಆಸುಪಾಸು, ಸತ್ತವರು ಹತ್ತು ಸಾವಿರದ ಹತ್ತಿರ. ಅಲ್ಲಿ ಗೋಡೆಗಳನ್ನು ದಪ್ಪ ಕಾಡುಗಲ್ಲಿನಿಂದ ಮಣ್ಣಿನಲ್ಲಿ ಕಟ್ಟಿ, ಮರದ ತೊಲೆಗಳ ಮೇಲೆ ಮಾಳಿಗೆಯ ಮಣ್ಣು ಹೇರಿದ್ದರು. ಬಿಸಿಲಿಗೆ ತಂಪಾದ, ಉಳ್ಳವರು ಹೆಮ್ಮೆಪಡುವ ಮನೆಗಳು. ಪಕ್ಕದ ಬಡವನ ಹುಲ್ಲು ಗುಡಿಸಲು ಮೈಮೇಲೆ ಬಿದ್ದರೂ ಮನುಷ್ಯ ಎದ್ದು ಹೊರಗೆ ಬರಬಹುದಿತ್ತು.

ಕಮ್ಚಾಟ್ಕಾದ ಕಂಪ ಇದಕ್ಕಿಂತ ಸಾವಿರಾರು ಪಟ್ಟು ಶಕ್ತಿಯದು. ಆದರೂ ಅಲ್ಲಿ ಹೆಣಗಳನ್ನು ಎಣಿಸಬೇಕಾಗಲಿಲ್ಲ. ಕಂಪದ ಮೂಲ ಕಡಲಿನಲ್ಲಿತ್ತು, ಜನವಸತಿ ವಿರಳ, ನಿಜ. ಆದರೆ ಅಷ್ಟೇ ಅಲ್ಲ. 1952ರ ನವೆಂಬರಿನಲ್ಲಿ ಅದೇ ಕಡಲಿನಲ್ಲಿ 9.0ರ ಕಂಪವಾಗಿ, ಎದ್ದ ಅಲೆ ಸೆವೆರೊ-ಕುರಿಲ್ಸ್ಕ್ ಎಂಬ ಊರನ್ನು ಗುಡಿಸಿಕೊಂಡು ಹೋಗಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೋವಿಯತ್ ಸರ್ಕಾರ ಸುದ್ದಿಯನ್ನೇ ಮುಚ್ಚಿಟ್ಟಿತು. ಆದರೂ ಊರನ್ನು ಮತ್ತೆ ಕಟ್ಟುವಾಗ ಎತ್ತರದ ಜಾಗಕ್ಕೆ ಸರಿಸಿದರು. 2025ರಲ್ಲಿ ಅಲೆ ಬಂದು ಬಂದರನ್ನು ಮುಳುಗಿಸಿದಾಗ ಜನ ದಿಣ್ಣೆಯ ಮೇಲಿದ್ದರು. ಹಾಗೆಂದು ರಷ್ಯದವರು ಜಾಣರೆಂದು ನಾನು ಹೇಳುತ್ತಿಲ್ಲ. ಅದೇ ದೇಶದ ಸಖಾಲಿನ್ ದ್ವೀಪದಲ್ಲಿ ನೆಫ್ತೆಗೋರ್ಸ್ಕ್ ಎಂಬ ತೈಲದ ಊರಿತ್ತು. ಇಲ್ಲಿ ದೊಡ್ಡ ಕಂಪ ಬರುವುದಿಲ್ಲ ಎಂದುಕೊಂಡು ಐದಂತಸ್ತಿನ ವಸತಿಗಳನ್ನು ಕಟ್ಟಿದ್ದರು. 1995ರ ಮೇ 28ರ ನಡುರಾತ್ರಿ ಅಂಥ ಹದಿನೇಳು ಕಟ್ಟಡಗಳು ಕುಸಿದವು. ಸುಮಾರು ಮೂರು ಸಾವಿರ ಜನರ ಊರಿನಲ್ಲಿ ಎರಡು ಸಾವಿರದಷ್ಟು ಮಂದಿ ಹೋದರು. ಆ ಊರನ್ನು ಮತ್ತೆ ಕಟ್ಟಲೇ ಇಲ್ಲ.

1934ರ ಜನವರಿಯಲ್ಲಿ ಬಿಹಾರ ನಡುಗಿದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ಅಸ್ಪೃಶ್ಯತೆಯನ್ನು ಅಷ್ಟೇ ವಿರೋಧಿಸುತ್ತಿದ್ದ ರವೀಂದ್ರರು ಒಪ್ಪಲಿಲ್ಲ. ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕು, ನೀತಿಯನ್ನು ಅದಕ್ಕೆ ಗಂಟು ಹಾಕಬಾರದು ಎಂದು ಬರೆದರು. ಗಾಂಧೀಜಿ ಅದನ್ನು ತಮ್ಮ ಪತ್ರಿಕೆಯಲ್ಲೇ ಅಚ್ಚು ಹಾಕಿ ಉತ್ತರ ಕೊಟ್ಟರು. ಓದುವಾಗೆಲ್ಲ ನಾನು ರವೀಂದ್ರರ ಪಕ್ಷ. ಸತ್ತ ಮಗುವಿನ ತಾಯಿಗೆ ಪಾಪದ ಲೆಕ್ಕ ಹೇಳುವುದು ಹೇಗೆ? ಆದರೆ ಮೊನ್ನೆಯಿಂದ ಗಾಂಧೀಜಿಯ ಮಾತೂ ಚುಚ್ಚುತ್ತಿದೆ. ಭೂಮಿಗೆ ಪಾಪ ಗೊತ್ತಿಲ್ಲ, ಸರಿ. ಗೋಡೆಗೆ? ಗೋಡೆಯನ್ನು ಯಾರೋ ಕಟ್ಟಿದ್ದಾರೆ, ಯಾರೋ ಸಹಿ ಹಾಕಿದ್ದಾರೆ, ಯಾರೋ ಬಾಡಿಗೆ ಎಣಿಸಿಕೊಂಡಿದ್ದಾರೆ. 1983ರಲ್ಲಿ ಸುಭಾಷ್‌ನಗರದಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅಂದು ಭೂಮಿ ಅಲುಗಿರಲಿಲ್ಲ.

ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಊರೂರು ಸುತ್ತಿದ್ದೂ ಅದನ್ನು ತಪ್ಪಿಸಿಕೊಳ್ಳಲೇ ಇರಬೇಕು. ಕೆಳಗಿನದು ಅಪ್ಪ ಕಟ್ಟಿಸಿದ್ದು. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. 1996ರಲ್ಲಿ ನಾನು ಮಹಡಿ ಎತ್ತಿಸಿದೆ. ಪರಿಚಯದ ಎಂಜಿನಿಯರೊಬ್ಬರು, ಕಿಲ್ಲಾರಿ ಆಗಿ ಮೂರು ವರ್ಷವಾಗಿದ್ದಾಗ, ಕಿಟಕಿ ಬಾಗಿಲುಗಳ ಮೇಲೆ ಮನೆ ಸುತ್ತ ಕಂಬಿ ಇಟ್ಟು ಒಂದು ಕಾಂಕ್ರೀಟ್ ಪಟ್ಟಿ ಕೊಡಿ, ನಡುಗಿದರೆ ನಾಲ್ಕೂ ಗೋಡೆ ಒಟ್ಟಿಗೆ ನಿಲ್ಲುತ್ತವೆ ಎಂದಿದ್ದರು. ಮೇಸ್ತ್ರಿ ಗೋಡೆಗೆ ಗುದ್ದಿ ನೋಡಿ, "ಇನ್ನೆರಡು ಮಹಡಿ ತಡೆಯುತ್ತೆ ಸ್ವಾಮಿ" ಎಂದ. ನನಗೆ ಬೇಕಾದದ್ದು ಮೇಸ್ತ್ರಿಯ ಮಾತು. ಪಟ್ಟಿಯ ದುಡ್ಡಿನಲ್ಲಿ ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಹಾಕಿಸಿದೆ. ಬಂದವರೆಲ್ಲ ಅದನ್ನು ಹೊಗಳಿದ್ದಾರೆ, ಈ ಹುಡುಗಿಯೂ.

ಅವಳು ಕೇಳಿದ್ದು ಬಂಡೆಯ ವಿಷಯವಲ್ಲ. "ನಮ್ಮ ಕಡೆ" ಎಂದರೆ ಅವಳ ಪಾಲಿಗೆ ತಲೆಯ ಮೇಲಿನ ಈ ತಾರಸಿ. ನಾನು ನಿಜವನ್ನೇ ಹೇಳಿ ಅದರ ಹಿಂದೆ ಅಡಗಿಕೊಂಡೆ. ಕಂಪ ಬರುವ ಸಂಭವ ಕಡಿಮೆ ಎನ್ನುವುದು ನನಗೆ ಸಮಾಧಾನ ಕೊಡಬಹುದು. ಆದರೆ ಅಪಾಯ ಅವಳದು, ಬಾಡಿಗೆ ನನ್ನದು. ತನ್ನ ತಲೆಯ ಮೇಲಿರುವುದನ್ನು ಅವಳಿಗೆ ಬದಲಾಗಿ ನಾನು ಹೇಗೆ ಒಪ್ಪಿಕೊಳ್ಳಲಿ?

ಹೋದ ವಾರ ಒಬ್ಬ ಎಂಜಿನಿಯರನ್ನು ಕರೆಸಿದೆ. ನಕ್ಷೆ ಕೇಳಿದರು. ಟ್ರಂಕಿನಲ್ಲಿ ಅಪ್ಪನ ಕಾಲದ್ದು ಸಿಕ್ಕಿತು, ಮಹಡಿಯದು ಇರಲಿಲ್ಲ. ಅವರು ಅಂಗಳದ ಮೂಲೆಯಲ್ಲಿ ಪಾಯ ನೋಡಲು ಅಗೆಸುತ್ತಿದ್ದಾಗ ಹುಡುಗಿ ಆಫೀಸಿನಿಂದ ಬಂದಳು.

"ಏನ್ ಅಂಕಲ್, ರಿಪೇರಿನಾ?"

"ಹೂಂ. ಅವತ್ತು ನೀನು ಭೂಕಂಪದ ವಿಷಯ ಕೇಳಿದ್ದೆಯಲ್ಲ, ಸರಿಯಾಗಿ ಹೇಳಲಿಲ್ಲ ನಾನು. ಬಾಮ್ಮ, ಒಂದು ನಿಮಿಷ ಕೂತ್ಕೋ" ಎಂದೆ.