ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ

ಸಂಕ್ರಾಂತಿಯ ಸಂಜೆ ಹಳೇ ಮೈಸೂರು ಸೀಮೆಯಲ್ಲಿ ಎಳ್ಳು ಬೀರುವಾಗ ತಾನಾಗಿ ಬಾಯಿಗೆ ಬರುವ ಮಾತಿದು. ಇದರಲ್ಲಿ ತಿನ್ನುವುದು ಮೊದಲು, ಮಾತು ಆಮೇಲೆ. ಅಂದಮೇಲೆ ಬಂದವರು ಒಂದಿಷ್ಟು ಹೊತ್ತು ಕೂರಲೇಬೇಕು. ಬಾಗಿಲಲ್ಲೇ ಪೊಟ್ಟಣ ಕೊಟ್ಟು, ‘ಇನ್ನೂ ಎಷ್ಟೋ ಮನೆ ಇದೆ’ ಎಂದು ಓಡಿದರೆ ಎಳ್ಳು ಬೆಲ್ಲ ತಲುಪುತ್ತದೆ, ಮಾತು ಉಳಿದುಹೋಗುತ್ತದೆ.

ಅಂಗಡಿಯ ಸಿದ್ಧ ಪೊಟ್ಟಣ ಬರುವ ಮುಂಚೆ ಈ ಮಾತುಕತೆ ಹಬ್ಬಕ್ಕೆ ವಾರ ಮೊದಲೇ ಶುರುವಾಗುತ್ತಿತ್ತು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು. ಅಚ್ಚು ಬೆಲ್ಲವನ್ನು ಅಡಕತ್ತರಿಯಲ್ಲಿ ಕತ್ತರಿಸಿ, ಒಂದಕ್ಕೊಂದು ಅಂಟದಂತೆ ಬಿಸಿಲಿಗೆ ಹರಡಬೇಕು. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಸಿಪ್ಪೆ ಹಾರಿಸಬೇಕು. ಆಮೇಲೆ ಎಳ್ಳು, ಹುರಿಗಡಲೆ. ಒಬ್ಬರೇ ಕೂತರೆ ಬೆರಳು ನೋಯುವ ಕೆಲಸ. ಅಜ್ಜಿ, ಮಕ್ಕಳು, ಪಕ್ಕದ ಮನೆಯವರು ಸುತ್ತ ಕೂತರೆ ಕೈ ತನ್ನ ಪಾಡಿಗೆ ಓಡುತ್ತದೆ. ‘ಏನು ಸಮಾಚಾರ’ ಎಂದು ಎದುರು ಕೂತು ಕೇಳಿದರೆ ‘ಏನಿಲ್ಲ’ ಎನ್ನುವವರೂ ಬೆಲ್ಲ ಕತ್ತರಿಸುತ್ತಾ ಮಗನ ಕೆಲಸದ ಚಿಂತೆಯನ್ನೋ ಊರಿನ ಜಮೀನಿನ ತಕರಾರನ್ನೋ ಹೇಳಿಕೊಳ್ಳುತ್ತಾರೆ. ಕಣ್ಣು ಕೆಲಸದ ಮೇಲಿರುವುದರಿಂದ ಹೇಳುವುದು ಸುಲಭ.

ಆದ್ದರಿಂದ ನನ್ನ ಆಸೆ ಇಷ್ಟು: ಜನವರಿ 14 ಅಥವಾ 15ರ ಹಬ್ಬಕ್ಕೆ ಮುಂಚಿನ ಭಾನುವಾರ ನಾಲ್ಕು ಮನೆಯವರನ್ನು ಎಳ್ಳು ಬೆಲ್ಲ ಹೆಚ್ಚಲಿಕ್ಕೇ ಕರೆಯೋಣ. ತಿಂಡಿಗೆ ಅವರೆಕಾಳಿನ ಉಪ್ಪಿಟ್ಟು ಸಾಕು, ಹೇಗೂ ಅದರದೇ ಕಾಲ. ಸಕ್ಕರೆ ಅಚ್ಚಿಗೆ ಪಾಕ ಹೊಯ್ಯುವುದು ದೊಡ್ಡವರ ಪಾಲಿಗೆ. ಆರಿದ ಮೇಲೆ ಮರದ ಅಚ್ಚು ಬಿಚ್ಚಿ ಗೋಪುರ, ಹಕ್ಕಿ, ಮೀನು ಹೊರತೆಗೆಯುವುದು ಮಕ್ಕಳಿಗೇ ಇರಲಿ. ಹೋಗುವಾಗ ಪ್ರತಿಯೊಬ್ಬರೂ ತಮ್ಮ ಡಬ್ಬ ತುಂಬಿಸಿಕೊಂಡು ಹೋಗಲಿ.

ಉತ್ತರ ಕರ್ನಾಟಕದಲ್ಲಿ ಇದೇ ಹಬ್ಬಕ್ಕೆ ಕುಸುರೆಳ್ಳು (ಸಕ್ಕರೆ ಲೇಪಿಸಿದ ಎಳ್ಳು) ಕೊಟ್ಟು ‘ಎಳ್ಳು ಬೆಲ್ಲದ್ಹಂಗ ಇರೋಣು’ ಎನ್ನುತ್ತಾರೆ. ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆರಗುತ್ತಾರೆ. ವರ್ಷವಿಡೀ ಮಾತು ಬಿಟ್ಟವರಿಗೂ ಅವತ್ತು ಕೈ ಚಾಚಲು ಒಂದು ನೆಪ ಸಿಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಳೆಯ ಪದ್ಧತಿಯನ್ನು ಒಪ್ಪಲಾರೆ. ಅರಿಸಿನ ಕುಂಕುಮದ ಹೆಸರಿನಲ್ಲಿ ಎಳ್ಳಿನ ತಟ್ಟೆ ಬಹುಕಾಲ ಮುತ್ತೈದೆಯರ ಕೈಗಷ್ಟೇ ಹೋಗುತ್ತಿತ್ತು. ಗಂಡ ತೀರಿಕೊಂಡವಳು ಒಳಕೋಣೆಯಲ್ಲೇ ಉಳಿಯುತ್ತಿದ್ದಳು. ವಾರಗಟ್ಟಲೆ ಯಾರೊಂದಿಗೂ ಮಾತಿಲ್ಲದವಳು ಅವಳೇ. ‘ಮಾತಾಡಿ’ ಎಂಬ ಕರೆ ಮೊದಲು ಸಲ್ಲಬೇಕಾದದ್ದೂ ಅವಳಿಗೇ. ನಾಲ್ಕು ಮನೆಗಳನ್ನು ಆರಿಸುವಾಗ ಅಂಥವಳ ಮನೆಯಿಂದಲೇ ಶುರು ಮಾಡಿ. ಬೆಲ್ಲ ಎಷ್ಟು ಸಣ್ಣಗಿರಬೇಕೆಂದು ಅವಳನ್ನೇ ಕೇಳಿ.